ಯಾರ ಹೆಸರಿಲೆ ಸಾರಲಿ?

ಅವರ ಬಲಗೈಯ ನಡುಬೆರಳು, ಉಂಗುರದ ಬೆರಳು ಎರಡೂ ಅಂಗೈಯೊಳಗೆ ಮಡಚಿಕೊಂಡೇ ಇರುತ್ತಿದ್ದವು. ಹಲಗೆ ಬಾರಿಸುವ ಕೋಲನ್ನು ಹೆಬ್ಬೆರಳು, ತೋರುಬೆರಳುಗಳ ಸಂದಿಯಲ್ಲಿ ಸಿಕ್ಕಿಸಿ ಹಿಡಿಯುತ್ತಿದ್ದರು. ಹಾಗೆ ಹಿಡಿದಾಗ ಪೆಟ್ಟು ಓರೆಯಾಗಿ ಬೀಳುತ್ತದೆ, ಸದ್ದು ಸ್ವಲ್ಪ ಒಡೆದಂತೆ ಬರುತ್ತದೆ. ಈಚೆಗೆ ಹುಟ್ಟಿದವರು ಡಂಗುರದ ಸದ್ದು ಇರುವುದೇ ಹಾಗೆ ಎಂದುಕೊಂಡಿದ್ದರು. ಆ ಬೆರಳುಗಳು ಹೇಗೆ ಮುರಿದವು ಎಂದು ಕಣ್ಣಾರೆ ಕಂಡವರಲ್ಲಿ ಈಗ ಉಳಿದವನು ನಾನೊಬ್ಬನೇ. ಹೇಳದೆ ಹೋಗಬಾರದೆಂದು ಬರೆಯಲು ಕೂತಿದ್ದೇನೆ.

ನಿಜಾಮರ ಆಳ್ವಿಕೆಯ ಕೊನೆಗಾಲ. ನಮ್ಮೂರು ಕೆಂಭಾವಿಗೆ ಹೋಗುವ ದಾರಿಯಲ್ಲಿದೆ. ಅವರು ಊರಿಗೆ ಡಂಗುರ ಸಾರುವವರು. ನಾನು ಕುಲಕರ್ಣಿಯವರ ಹಿರಿಯ ಮಗ. ಶಹಾಪುರದಲ್ಲಿ ಉರ್ದು ಶಾಲೆ ಓದಿ ಮುಗಿಸಿ, ಸರಕಾರಿ ನೌಕರಿಗಾಗಿ ಬಾಯಿ ಬಿಟ್ಟುಕೊಂಡು ಕೂತವನು. ನನ್ನ ಅಪ್ಪನ ವಯಸ್ಸಿನ ಆ ಮನುಷ್ಯನನ್ನು ಆಗ ನಾನು ಕರೆಯುತ್ತಿದ್ದುದು ‘ಏ, ಬಾರೋ ಇಲ್ಲಿ’ ಎಂದು. ಅವರು ನನ್ನನ್ನು ‘ಸಣ್ಣ ಧಣ್ಯಾರ’ ಎನ್ನುತ್ತಿದ್ದರು. ಇಂದು ಬರೆಯುವಾಗ ‘ಅವರು’ ಎಂದು ಬರೆಯುತ್ತಿದ್ದೇನೆ. ತಡವಾಯಿತು, ಗೊತ್ತಿದೆ.

ಅವರ ಕಸುಬಿಗೆ ಒಂದು ಕಟ್ಟುಪಾಡಿತ್ತು. ಮೊದಲು ಹಲಗೆಯ ಪೆಟ್ಟು, ಆಮೇಲೆ ಸಾರಿಸುವವರ ಹೆಸರು, ಆಮೇಲೆಯೇ ಸುದ್ದಿ. ಹೆಸರಿಲ್ಲದ ಸುದ್ದಿಯನ್ನು ಅವರು ಬಾಯಿಗೆ ಹಾಕಿಕೊಳ್ಳುತ್ತಿರಲಿಲ್ಲ. ಒಮ್ಮೆ ಊರಿನ ಗಾಣಗಿತ್ತಿಯೊಬ್ಬಳ ಕೋಳಿ ಕಳುವಾಯಿತು. ಕದ್ದವರ ವಂಶ ಹಾಳಾಗಲಿ ಎಂದು ಓಣಿ ಓಣಿ ಸಾರು ಎಂದಳು.

“ಯಾರ ಹೆಸರಿಲೆ ಸಾರಲಿ?” ಎಂದರು ಅವರು.

“ನನ್ನ ಹೆಸರ್ಯಾಕೋ? ಸುಮ್ನ ಬೈ!”

“ಬೈಗುಳ ನಿನ್ನದು, ಬಾಯಿ ನಂದು. ಹೆಸರ ಕೊಡು, ಕೋಳಿಗಿಂತ ಜೋರ ಕೂಗತೀನಿ. ಇಲ್ಲಂದ್ರ ಮನಿಗಿ ಹೋಗಿ ತತ್ತಿ ಎಣಿಸ್ಕೊ.”

ಕಟ್ಟೆಯ ಮೇಲೆ ಕೂತಿದ್ದ ನಾವೆಲ್ಲ ಬಿದ್ದು ಬಿದ್ದು ನಕ್ಕಿದ್ದೆವು. ಆ ಕಟ್ಟುಪಾಡು ಮುಂದೊಂದು ದಿನ ಯಾರನ್ನು ಎಲ್ಲಿಗೆ ಒಯ್ಯುತ್ತದೆಂದು ಆಗ ಯಾರಿಗೆ ಗೊತ್ತಿತ್ತು?

ಊರಾಚೆ ಕುರಿಗಾರರ ದೊಡ್ಡಿಯಿತ್ತು, ಕೆಲವೇ ಗುಡಿಸಲುಗಳು. ಗಡಿಯಾಚೆಯ ಶಿಬಿರಗಳಿಂದ ಬಂದ, ನಿಜಾಮರ ವಿರುದ್ಧದ ಚಳವಳಿಯ ಹುಡುಗರಿಗೆ ಅಲ್ಲಿನವರು ರೊಟ್ಟಿ ಕೊಟ್ಟರೆಂಬ ಗುಮಾನಿ ಎದ್ದಿತು. ಸರಕಾರದ ಪರವಾಗಿ ಊರೂರು ತಿರುಗುತ್ತಿದ್ದ, ಆಯುಧ ಹಿಡಿದ ದಂಡು ಒಂದು ನಡುಹಗಲು ಬಂತು. ಗಂಡಸರು ಕುರಿಗಳ ಹಿಂದೆ ಹೋಗಿದ್ದರು. ಮುದುಕರನ್ನೂ ಹೆಂಗಸರನ್ನೂ ಒಳಗೆ ನೂಕಿ ಹೊರಗಿನಿಂದ ಚಿಲಕ ಹಾಕಿ ಸೂರಿಗೆ ಬೆಂಕಿ ಇಟ್ಟರು. ನಮ್ಮ ಪೊಲೀಸ್ ಠಾಣೆಯ ಅಧಿಕಾರಿ ಅಮೀನ ಬೇವಿನ ಮರದ ಕೆಳಗೆ ಕುದುರೆಯ ಮೇಲೆ ಕೂತು ನೋಡುತ್ತಿದ್ದ. ನಾನು ಕೆರೆಯ ಏರಿಯ ಮೇಲೆ ನಿಂತು ನೋಡಿದೆ. ಹಿಂದಿನ ಗೋಡೆ ಒಡೆದುಕೊಂಡು ಬಹಳ ಜನ ಹೊರಬಿದ್ದರು. ಒಬ್ಬ ಕುರುಡು ಮುದುಕಿ, ಒಬ್ಬ ಬಾಣಂತಿ, ಅವಳ ಹಸುಗೂಸು ಹೊರಬರಲಿಲ್ಲ.

ಸುದ್ದಿ ಶಹಾಪುರ ದಾಟಿ ಹೈದರಾಬಾದಿನವರೆಗೂ ಹೋಗಿ, ಮೇಲಿನಿಂದ ಕೇಳುವವರು ಬರುತ್ತಾರೆಂಬ ಮಾತು ಹುಟ್ಟಿತು. ಅಮೀನ ನನ್ನನ್ನು ಚಾವಡಿಗೆ ಕರೆಸಿದ. “ನಿನ್ನ ನೌಕರಿಯ ಮಾತು ನನ್ನ ನೆನಪಿನಲ್ಲಿದೆ,” ಎಂದು ಉರ್ದುವಿನಲ್ಲಿ ನಯವಾಗಿ ಹೇಳಿ, ಒಂದು ಕೆಲಸ ಒಪ್ಪಿಸಿದ. ದೊಡ್ಡಿ ಸುಟ್ಟದ್ದು ಒಲೆಯ ಕಿಡಿ ಹಾರಿ. ಕೇಳಿದವರಿಗೆಲ್ಲ ಜನ ಹಾಗೆಯೇ ಹೇಳಬೇಕು. ಇದನ್ನು ಊರಲ್ಲೂ ಕೆಂಭಾವಿ ಸಂತೆಯಲ್ಲೂ ಸಾರಿಸಬೇಕು. ಅಮೀನ ದೂರದ ಪಟ್ಟಣದವನು, ನಮ್ಮ ಡಂಗುರದ ರೀತಿ ಅವನಿಗೆ ತಿಳಿಯದು. ನನಗೆ ತಿಳಿದಿತ್ತು. ಆದರೆ ನನ್ನ ತಲೆಯ ತುಂಬ ನೌಕರಿಯೇ ಇತ್ತು.

ನಾನು ಹೋಗಿ ಹೇಳಿದಾಗ ಅವರು ಹಲಗೆಯ ಚರ್ಮ ಸವರುತ್ತ ಕೇಳಿದರು.

“ನೀವು ಏರಿ ಮ್ಯಾಲ ನಿಂತಿದ್ರಲ್ಲ, ಸಣ್ಣ ಧಣ್ಯಾರ?”

ನಾನು ಮುಖ ತಿರುಗಿಸಿ ಓಣಿಯ ಕಡೆ ನೋಡಿದೆ.

“ಆಗ್ಲಿ. ಯಾರ ಹೆಸರಿಲೆ ಸಾರಲ್ರಿ?”

“ಅಮೀನ್ ಸಾಹೇಬ್ರ ಹುಕುಂ ಐತಿ, ಹೇಳಿದಷ್ಟು ಮಾಡು” ಎಂದು ಗದರಿಸಿ ಬಂದೆ.

ಹೇಳಿದಷ್ಟೇ ಮಾಡಿದರು. ಕೆಂಭಾವಿ ಸಂತೆ ಕಿಕ್ಕಿರಿದಿತ್ತು. ಮೆಣಸಿನಕಾಯಿ ರಾಶಿಗಳ ನಡುವೆ ನಿಂತು ಹಲಗೆಗೆ ಪೆಟ್ಟು ಕೊಟ್ಟರು.

“ಕೇಳ್ರೆಪ್ಪೋ ಕೇಳ್ರಿ! ಅಮೀನ್ ಸಾಹೇಬ್ರ ಹುಕುಂ ಐತಿ! ಕುಲಕರ್ಣೇರ ಹಿರೇಮಗ ಬಂದು ನನಗ ಹೇಳ್ಯಾರ! ದೊಡ್ಡಿ ಸುಟ್ಟಿದ್ದು ಒಲಿ ಕಿಡಿ ಹಾರಿ ಅಂತ! ಮಂದಿ ಹಚ್ಚಿದ್ದಲ್ಲಂತ! ಹಂಗ ನೀವೆಲ್ಲಾರೂ ಹೇಳಬೇಕಂತ, ಅಮೀನ್ ಸಾಹೇಬ್ರ ಹುಕುಂ ಐತ್ರೆಪ್ಪೋ!”

ಆಮೇಲೆ ಮೆಣಸಿನಕಾಯಿ ಮಾರುವ ಮುದುಕಿಯೊಬ್ಬಳು ದೊಡ್ಡ ದನಿಯಲ್ಲಿ, “ಅಲ್ಲೋ ಯಪ್ಪಾ, ಒಲಿ ಕಿಡಿ ಹೊರಗ ಬಂದು ಚಿಲಕಾನೂ ಹಾಕ್ತೈತೇನು?” ಎಂದಳು. ಯಾರೋ ಕಿಸಕ್ಕೆಂದರು. ನಗೆ ಸಂತೆಯ ಒಂದು ಮೂಲೆಯಿಂದ ಇನ್ನೊಂದು ಮೂಲೆಗೆ ಹೋಯಿತು. ಅಷ್ಟು ದಿನ ಬಾಯಿ ಹೊಲಿದುಕೊಂಡಿದ್ದ ಜನ ಮೊದಲ ಸಲ ಬಾಯಿ ತೆರೆದದ್ದು ಅವತ್ತು.

ಮರುದಿನ ಅವರನ್ನು ಚಾವಡಿಗೆ ಎಳೆದು ತಂದರು. “ಮೇರಾ ನಾಮ್ ಕಾಯ್ಕೂ ಲಿಯಾ ರೇ?” ಎಂದು ಅಮೀನ ಕೂಗಾಡಿದ. ನನ್ನ ಹೆಸರು ಯಾಕೆ ತೆಗೆದೆ ಎನ್ನುವುದೊಂದೇ ಅವನ ಸಿಟ್ಟು.

“ಹೆಸರಿಲ್ಲದ ಹುಕುಂ ನಾ ಸಾರಂಗಿಲ್ರಿ. ನಮ್ಮಪ್ಪನೂ ಸಾರಿಲ್ಲ.”

ಅಮೀನ ನನ್ನ ಕಡೆ ತಿರುಗಿದ. ಹೆಸರು ಹೇಳಲು ನೀನು ಹೇಳಿದ್ದೆಯಾ ಎಂದು ಕೇಳಿದ. ಊರ ರೀತಿಯೇ ಹಾಗೆ, ಮೊದಲೇ ತಿಳಿಸದೆ ಇದ್ದದ್ದು ನನ್ನ ತಪ್ಪು ಎಂದಿದ್ದರೆ ನನಗೊಂದು ಕಪಾಳಕ್ಕೆ ಬಿದ್ದು ಮುಗಿಯುತ್ತಿತ್ತೇನೋ. ನಾನು ಹೇಳಿದ್ದು ಇಷ್ಟು: “ನಾ ಹೇಳಿಲ್ರಿ. ಅವನ ಸೇರಿಸ್ಯಾನ್ರಿ.”

ಅವರ ಬಲಗೈಯನ್ನು ಚಾವಡಿಯ ಕಲ್ಲಿನ ಮೇಲೆ ಇಡಿಸಿದರು. ಸಿಪಾಯಿ ಬಂದೂಕಿನ ಬುಡ ಎತ್ತಿದಾಗ ಅವರು ನೋಡಿದ್ದು ಬಂದೂಕನ್ನಲ್ಲ, ನನ್ನನ್ನು. ಆ ನೋಟದಲ್ಲಿ ಸಿಟ್ಟು ಕಂಡಿದ್ದರೆ ನಾನು ಇಷ್ಟು ವರ್ಷ ನರಳುತ್ತಿರಲಿಲ್ಲ.

ಶಹಾಪುರದಲ್ಲಿ ಇಬ್ಬರು ಸೇರಿ ಈ ಅನ್ಯಾಯಕ್ಕೆ ಸಾಕ್ಷಿ ಕೂಡಿಸಲು ನಿಂತರು. ಒಬ್ಬರು ವಕೀಲರು. ಇನ್ನೊಬ್ಬರು ನನಗೇ ಉರ್ದು ಕಲಿಸಿದ, ನಮ್ಮೂರ ಮುಸಲ್ಮಾನರ ಓಣಿಯ ಮಾಸ್ತರರು. ಸಂಬಳ ಕೊಡುವ ಸರಕಾರದ ವಿರುದ್ಧವೇ ಅವರು ಬಿಸಿಲಲ್ಲಿ ಹಳ್ಳಿ ಹಳ್ಳಿ ತಿರುಗಿದರು. ಬೆಂಕಿ ಹಚ್ಚಿದವರು ಯಾರೆಂದು ಕೇಳಿದರೆ ಜನ ಒಳಗೆ ಹೋಗಿ ಬಾಗಿಲು ಹಾಕಿಕೊಳ್ಳುತ್ತಿದ್ದರು. ಆಗ ಮಾಸ್ತರರಿಗೆ ಬೇರೊಂದು ಪ್ರಶ್ನೆ ಹೊಳೆಯಿತು: “ಸಂತಿಯಾಗ ಡಂಗುರ ಕೇಳೀರೇನ್ರಿ?” ಡಂಗುರ ಕೇಳುವುದು ಯಾವ ಕಾನೂನಿನಲ್ಲೂ ತಪ್ಪಲ್ಲ. ಕೇಳೇವ್ರಿ, ಅಮೀನ್ ಸಾಹೇಬ್ರ ಹೆಸರ ಹೇಳ್ಯಾನ್ರಿ ಎಂದು ಒಬ್ಬೊಬ್ಬರೇ ಹೆಬ್ಬೆಟ್ಟು ಒತ್ತಿದರು. ಹಾಗೆ ಬಾಯಿ ಬಿಚ್ಚಿದವರು ಚಿಲಕದ ಮಾತಿಗೂ ಬಂದರು, ಕುದುರೆಯ ಮಾತಿಗೂ ಬಂದರು.

ಅಷ್ಟರಲ್ಲಿ ನಿಜಾಮರ ಆಳ್ವಿಕೆ ಮುಗಿದು ರಾಜ್ಯವೇ ಬದಲಾಯಿತು. ಅಮೀನ ಸೆರೆಯಾದ. ಆದರೆ ನಮ್ಮವರಲ್ಲೇ ಕೆಲವು ತರುಣರು ಕೊಡಲಿ ಹಿಡಿದು, ದಂಡಿನವರ ಮೇಲಿನ ಸೇಡಿಗೆ ಮುಸಲ್ಮಾನರ ಓಣಿಗೆ ನುಗ್ಗಲು ಜನ ಕೂಡಿಸು, ಡಂಗುರ ಹೊಡಿ ಎಂದು ಇವರ ಗುಡಿಸಲಿಗೆ ಬಂದರು. ಇವರು ಹಲಗೆ ಕೊರಳಿಗೆ ಹಾಕಿಕೊಂಡೇ ಹೊರಬಂದರು.

“ಯಾರ ಹೆಸರಿಲೆ ಸಾರಲ್ರೋ?”

“ಊರ ಹೆಸರಿಲೆ ಸಾರು!”

“ಊರಂದ್ರ ಯಾರು? ನಿನ್ನ ಹೆಸರ ಹೇಳು, ನಿಮ್ಮಪ್ಪನ ಹೆಸರ ಹೇಳು. ನಾಳಿ ಕೋರ್ಟಿನ್ಯಾಗ ಕೇಳಿದ್ರ ನಾ ಹೇಳಬೇಕಲ್ಲ?”

ಒಬ್ಬರೂ ಹೆಸರು ಕೊಡಲಿಲ್ಲ. ಕೊಡಲಿಗಳು ಒಂದೊಂದಾಗಿ ಹೆಗಲಿನಿಂದ ಇಳಿದವು. ಮಾಸ್ತರರ ಓಣಿ ಅಂದು ಉಳಿದದ್ದು ಹಾಗೆ.

ಸುರಪುರದಲ್ಲಿ ಜಡ್ಜ್ ಸಾಹೇಬರು ಬಿಡಾರ ಮಾಡಿ ವಿಚಾರಣೆಗೆ ಕೂತರು. ಡಂಗುರ ಕೇಳಿದವರು ಬಂಡಿ ಕಟ್ಟಿಕೊಂಡು ಬಂದಿದ್ದರು. ಅಮೀನನ ವಕೀಲ ಒಂದೇ ಪಟ್ಟು ಹಿಡಿದ: ನಮ್ಮ ಕಕ್ಷಿದಾರರು ಅಂಥ ಹುಕುಂ ಕೊಟ್ಟೇ ಇಲ್ಲ, ಇವನು ಕುಡಿದು ಕೂಗಿದ್ದು. ಜಡ್ಜರು, ಹುಕುಂ ತಂದು ಹೇಳಿದವರು ಇಲ್ಲಿದ್ದರೆ ತೋರಿಸು ಎಂದರು. ನಾನು ಹಿಂದಿನ ಸಾಲಿನಲ್ಲಿ, ಕಂಬದ ಮರೆಯಲ್ಲಿದ್ದೆ. ಕಟಕಟೆಯಲ್ಲಿ ನಿಂತಿದ್ದ ಅವರು ನನ್ನನ್ನು ಕಂಡಿದ್ದರು. ಕೈ ಎತ್ತಿ ತೋರಿಸಬಹುದಿತ್ತು.

“ಆ ಹೆಸರ ಸಂತಿಯಾಗ ಸಾರೇನ್ರಿ,” ಎಂದರು. “ಹೌದು ಅನ್ನೂದು ಅವರಿಗಿ ಬಿಟ್ಟದ್ರಿ.”

ಆ ಮುರಿದ ಕೈ ಸುಮ್ಮನೆ ಕಟಕಟೆಯ ಮೇಲಿತ್ತು. ನಾನು ಎದ್ದೆ. ಹೇಗೆ ಎದ್ದೆನೋ ತಿಳಿಯದು. ಎದ್ದು ನಡೆದು ಅವರ ಪಕ್ಕ ನಿಂತದ್ದು ಮಾತ್ರ ನೆನಪಿದೆ.

“ನಾನ್ರಿ. ಅಮೀನ್ ಸಾಹೇಬ್ರು ಹೇಳಿದ್ರು, ನಾ ಒಯ್ದು ಮುಟ್ಟಿಸೀನ್ರಿ. ಬೆಂಕಿ ಹಚ್ಚಿದ್ದು ಕಣ್ಣಲೆ ನೋಡೀನ್ರಿ. ಇವರ ಕೈ ಮುರಿದಾಗ ಸುಳ್ಳ ಹೇಳಿದಂವಾನೂ ನಾನ ರೀ.”

ಅಮೀನನಿಗೂ ದಂಡಿನ ಮುಖಂಡರಿಗೂ ಜೈಲಾಯಿತು. ಅಪ್ಪ ಬಹಳ ದಿನ ನನ್ನ ಕೂಡ ಮಾತಾಡಲಿಲ್ಲ. ಅದು ಇರಲಿ. ಮುಂದಿನ ಕೆಂಭಾವಿ ಸಂತೆಯಲ್ಲಿ ತೀರ್ಪು ಸಾರಲು ಅವರೇ ನಿಂತರು. ಹಲಗೆಯ ಪೆಟ್ಟು ಓರೆಯಾಗಿ ಬಿತ್ತು. ಮೆಣಸಿನಕಾಯಿಯ ಆ ಮುದುಕಿ, “ಇವತ್ತ ಯಾರ ಹೆಸರಿಲೆ ಸಾರ್ತೀಯೋ ಯಪ್ಪಾ?” ಎಂದಳು.

“ಕೇಳ್ರೆಪ್ಪೋ ಕೇಳ್ರಿ! ದೊಡ್ಡಿ ಕುರುಡಮ್ಮನ ಹೆಸರಿಲೆ ಸಾರತೀನಿ! ಆ ಬಾಣಂತಿ ಹೆಸರಿಲೆ ಸಾರತೀನಿ! ಇನ್ನಾ ತೊಟ್ಟಲಕ್ಕ ಹಾಕದ, ಹೆಸರಿಡದ ಆ ಕೂಸಿನ ಹೆಸರಿಲೆ ಸಾರತೀನಿ! ಸುಟ್ಟವರಿಗಿ ಶಿಕ್ಷಾ ಆಗೈತ್ರೆಪ್ಪೋ!”

ಜೋಳದ ಚೀಲಗಳ ಮೇಲೆ ಹತ್ತಿ ಜನ ಕೂಗಿದರು. ದೊಡ್ಡಿಯ ಕುರಿಗಾರರು ಕಂಬಳಿ ಬೀಸಿ ಕುಣಿದರು. ಅಷ್ಟು ದೊಡ್ಡ ಗೆಲುವಿನ ಸದ್ದನ್ನು ನಾನು ಆಮೇಲೆ ಎಲ್ಲಿಯೂ ಕೇಳಿಲ್ಲ.

ಅವರು ತೀರಿಕೊಂಡದ್ದು ಬಹಳ ವರ್ಷಗಳ ಮೇಲೆ, ಒಂದು ಸುಗ್ಗಿಯಲ್ಲಿ. ಡಂಗುರ ಸಾರುವವರೇ ಹೋದರೆ ಅವರ ಸಾವನ್ನು ಸಾರುವವರು ಯಾರು? ಗುಡಿಸಲಿನ ಗೂಟದಲ್ಲಿ ಹಲಗೆ ತೂಗುತ್ತಿತ್ತು. ನಾನು ಅವರ ಹೆಂಡತಿಯನ್ನು ಕೇಳಿ ಅದನ್ನು ಕೊರಳಿಗೆ ಹಾಕಿಕೊಂಡೆ. ನಮ್ಮ ಓಣಿಯವರು ಬಾಗಿಲಲ್ಲಿ ನಿಂತು ನೋಡಿದರು, ಕೆಲವರು ಮುಖ ತಿರುಗಿಸಿದರು. ಊರ ತುಂಬ ಸಾರಿದೆ: “ಕೇಳ್ರೆಪ್ಪೋ ಕೇಳ್ರಿ! ಕುಲಕರ್ಣೇರ ಹಿರೇಮಗ ಸಾರತೀನಿ! ನಮ್ಮೂರ ಡಂಗುರದವರು ತೀರಿಕೊಂಡಾರ!”

ಹಲಗೆ ಮರಳಿ ಕೊಡಲು ಹೋದಾಗ ಆ ತಾಯಿ ಸೆರಗಿನಿಂದ ಕಣ್ಣೊರೆಸಿಕೊಂಡು ಸ್ವಲ್ಪ ನಕ್ಕರು.

“ಪೆಟ್ಟ ಒಂದೂ ಬರೋಬ್ಬರಿ ಬಿದ್ದಿಲ್ಲ ಬಿಡ್ರಿ, ಸಣ್ಣ ಧಣ್ಯಾರ,” ಎಂದರು. “ಆದ್ರ ಹೆಸರ ಮೊದಲ ಹೇಳೀರಿ.”