ಏಕಾದಶಿಯ ದಿನ ಜಪಾನಿ ಸಿಹಿ

ಹಡ್ಸನ್ ನದಿಯ ನ್ಯೂಜೆರ್ಸಿ ದಡದ ಜಪಾನಿ ಅಂಗಡಿಯೊಂದರ ಸಿಹಿ ಕೌಂಟರಿನ ಮುಂದೆ ನಾವು ಮೂವರು ದಾರಿಗಡ್ಡವಾಗಿ ನಿಂತಿದ್ದೇವೆ. ನನ್ನನ್ನು ಪಾರ್ಸಿಪನಿ ಊರಿನಿಂದ ಕಾರಿನಲ್ಲಿ ಕರೆತಂದ ಗೆಳತಿ ಸುಧಾಳ ಅತ್ತೆ ಕಮಲಮ್ಮನವರಿಗೆ ಇಂದು ಏಕಾದಶಿ. ಹಾಲು, ಹಣ್ಣು ಬಿಟ್ಟು ಬೇರೇನೂ ಮುಟ್ಟುವಂತಿಲ್ಲ. ಕಣ್ಣು ಮಾತ್ರ ಹೂವಿನಂಥ ಗುಲಾಬಿ ಬಣ್ಣದ ಸಿಹಿಯೊಂದರ ಮೇಲಿದೆ.

"ಮೊಟ್ಟೆ ಇಲ್ಲ ತಾನೆ, ಕೇಳೇ," ಎಂದರು ಸೊಸೆಗೆ.

ಮೊಟ್ಟೆಯಿಲ್ಲ, ಅಕ್ಕಿಹಿಟ್ಟು ಎಂದಳು ಅಂಗಡಿಯಾಕೆ. ಅಲ್ಲಿಗೆ ಮುಗಿಯಬೇಕಿತ್ತು. ನಾನು ಸಿಹಿಯ ಮುಂದಿದ್ದ ಚೀಟಿಯ ನಡುವಿನ ಅಕ್ಷರ ಯಾವುದೆಂದು ಕೇಳಿದೆ. ಅದು ಸಿಹಿತಿಂಡಿ ಎಂಬರ್ಥದ ಅಕ್ಷರ ಎಂದಳು. ಅದರಲ್ಲಿ ಮೇಲೆ ಹುಲ್ಲಿನ ಗುರುತು, ಕೆಳಗೆ ಹಣ್ಣಿನ ಗುರುತು. ಸಕ್ಕರೆ ಬರುವ ಮೊದಲು ಸಿಹಿತಿಂಡಿಯೆಂದರೆ ಹಣ್ಣೇ ಆಗಿತ್ತಂತೆ. ಸುಧಾ ಅದನ್ನು ಅತ್ತೆಗೆ ಕನ್ನಡದಲ್ಲಿ ಹೇಳಿದಳು.

"ನೋಡು, ಹಣ್ಣು ಅಂತ ಅವರೇ ಬರೆದಿದ್ದಾರೆ!"

"ಅತ್ತೆ, ಬರೆದಿರೋದು ಹಣ್ಣು, ಒಳಗಿರೋದು ಅಕ್ಕಿ. ತಿಂದ್ರೆ ಅನ್ನ ತಿಂದ ಹಾಗೇ. ಹಿಂದೆ ಲೈನ್ ಇದೆ, ಪ್ಲೀಸ್."

"ಹಾಗಾದ್ರೆ ಪ್ಯಾಕ್ ಮಾಡಿಸು. ನಾಳೆ ದ್ವಾದಶಿ ಪಾರಣೆಗೆ ತಿಂತೀನಿ."

ನಾಳೆಗೆ ಇಡಬಹುದೇ ಎಂದು ಸುಧಾ ಕೇಳಿದ್ದಕ್ಕೆ ಅಂಗಡಿಯಾಕೆ ಆಗದೆಂದು ತಲೆಯಾಡಿಸಿ, ಚೀಟಿಯ ಮೊದಲ ಅಕ್ಷರದ ಮೇಲೆ ಬೆರಳಿಟ್ಟಳು. ಅದರರ್ಥ ತಾಜಾ. ಇಂದೇ ತಿನ್ನಬೇಕು, ನಾಳೆಗೆ ಗಟ್ಟಿಯಾಗುತ್ತದೆ. ಫ್ರಿಜ್‌ನಲ್ಲಿಟ್ಟರೆ ಇನ್ನೂ ಬೇಗ.

"ನಾಳೆ ನಂಗೆ ಆಫೀಸು. ಮತ್ತೆ ಇಷ್ಟು ದೂರ ಡ್ರೈವ್ ಮಾಡಲ್ಲ," ಎಂದು ಸುಧಾ ಕಾರಿನ ಕೀ ಹೊರತೆಗೆದಳು.

ಕಮಲಮ್ಮ ನನ್ನ ಕಡೆ ತಿರುಗಿದರು.

"ನಿಂಗೇನೂ ಉಪವಾಸ ಇಲ್ವಲ್ಲ. ಒಂದು ತಗೊಂಡು ಇಲ್ಲೇ ತಿನ್ನು, ನನ್ನ ಮುಂದೆ. ನಿಧಾನಕ್ಕೆ ತಿನ್ನು. ಹೇಗಿದೆ ಅಂತ ಸರಿಯಾಗಿ ಹೇಳ್ಬೇಕು."