ಹೆಂಗಸರ ಸಾಲಿಗೆ ಎಟುಕದ ಕೈ

ಗೆಳೆಯರೇ, ಇವತ್ತಿನ ಹಲ್ಲುನೋವಿನ ಖರ್ಚು: ಹರಿಹರದಿಂದ ದಾವಣಗೆರೆಗೆ ಬಸ್ಸು, ಎರಡು ಚಹಾ, ನನ್ನ ಹೂವಿನಂಗಡಿಯ ಅರ್ಧ ದಿನದ ವ್ಯಾಪಾರ.

ಆಸ್ಪತ್ರೆಯಲ್ಲಿ ಚೀಟಿ ಕೊಡುವ ಕಿಟಕಿ ಇನ್ನೇನು ಮುಚ್ಚುವುದರಲ್ಲಿತ್ತು. ಹೆಂಗಸರ ಸಾಲಿನಲ್ಲಿ ನಿಂತೆ. ಮುಂದಿದ್ದ ಅಕ್ಕ ತಿರುಗಿ, "ಮಂಗಳಮುಖಿಯರು ನೀವು, ಇಲ್ಯಾಕ ನಿಂತೀರಿ? ಗಂಡಸರ ಸಾಲಿಗೆ ಹೋಗ್ರಿ" ಅಂದಳು. ಜಗಳವಾಡಲು ಹಲ್ಲು ಬಿಡಲಿಲ್ಲ, ಹೋದೆ. ಅಲ್ಲಿ ನಾನು ಎಲ್ಲರಿಗಿಂತ ಹಿಂದೆ.

ಅಷ್ಟರಲ್ಲಿ ಅಕ್ಕನ ಮೊಮ್ಮಗು ಕಿರುಚಿ ಅಳತೊಡಗಿತು. ಅದೇ ಅಕ್ಕ ನನ್ನನ್ನೇ ಕೂಗಿದಳು: "ಅಮ್ಮಾ, ಕೂಸಿನ ತಲಿ ಮ್ಯಾಲೆ ಕೈ ಇಡ್ರಿ. ನಿಮ್ಮ ಕೈ ಭಾಳ ಒಳ್ಳೇದು."

"ಇಡ್ತಿದ್ದೆ ಅಕ್ಕ. ಗಂಡಸರ ಸಾಲಿನಿಂದ ಎಟುಕಲ್ಲ."

"ಬರ್ರಿ, ನನ್ನ ಮುಂದೇ ನಿಂದರ್ರಿ!"

ಕೂಸಿಗೆ ಆಶೀರ್ವಾದ, ಅಕ್ಕನಿಗೆ ಸಮಾಧಾನ, ನನಗೆ ಚೀಟಿ. ಹಲ್ಲು ಮಾತ್ರ ಆಸ್ಪತ್ರೆಯ ಪಾಲಾಯಿತು.