ಸುರಪುರದಲ್ಲಿ ಮೊದಲು ಹಿಡಿಯುವುದನ್ನು ಕಲಿಸುತ್ತಾರೆ

ಭಾನುವಾರ ಬೆಳಿಗ್ಗೆ ಆರಕ್ಕೆ ಯಾದಗಿರಿಯಲ್ಲಿ ಶಹಾಪುರದ ಬಸ್ಸು ಹತ್ತಿದೆ. ಹೆಂಗಸರಿಗೆ ಶೂನ್ಯ ಟಿಕೆಟ್. ಸೀಟು ಮಾತ್ರ ಭೀಮಾ ಸೇತುವೆ ದಾಟುವವರೆಗೂ ಸಿಗಲಿಲ್ಲ. ವರ್ಷಗಟ್ಟಲೆ ನೆಮ್ಮದಿಯಿಂದ ಕಲಿಯಬಹುದಾದ ಯೋಗ ತರಗತಿಯೊಂದನ್ನು ಹುಡುಕಿ ಹೊರಟಿದ್ದೆ. ನಮ್ಮೂರಿನದನ್ನು ಬಿಟ್ಟು ಮೂರು ತಿಂಗಳಾಗಿತ್ತು. ಅಲ್ಲಿ ಪಕ್ಕದ ಚಾಪೆಯ ಹೆಂಗಸು ಶೀರ್ಷಾಸನದಲ್ಲಿದ್ದಾಗ ಶಿಕ್ಷಕರು ಹಿಡಿದಿದ್ದ ಆಕೆಯ ಕಾಲು ಬಿಟ್ಟು ಫೋನಿಗೆ ಕೈ ಹಾಕಿದರು. ಆಕೆ ಓಲಾಡಿದ್ದು, ಕತ್ತು ಮಡಚಿ ಬಿದ್ದದ್ದು, ಆ ಸದ್ದು ಈಗಲೂ ದಿನಕ್ಕೆ ಹತ್ತು ಸಲ ಮರಳಿ ಬರುತ್ತವೆ. ಆಕೆ ಬದುಕಿದರು, ಕತ್ತಿಗೆ ಇನ್ನೂ ಪಟ್ಟಿ ಇದೆ. ನಾನು ಕೈಯಳತೆಯಲ್ಲಿದ್ದೆ. ಕೈ ಚಾಚಲಿಲ್ಲ.

ಶಹಾಪುರದ ತರಗತಿಯಲ್ಲಿ ಗೋಡೆ ತುಂಬ ಕನ್ನಡಿ. "ನಲವತ್ತು ದಿನದಾಗ ತಲಿ ಮ್ಯಾಲ ನಿಲ್ಲಸ್ತೀನ್ರಿ, ಗ್ಯಾರಂಟಿ," ಎಂದರು ಅಲ್ಲಿನ ತರುಣ ಶಿಕ್ಷಕರು.

"ಬಿದ್ರ?"

"ಎದ್ದು ಮತ್ತ ಮಾಡೋದ್ರಿ!"

ಚಪ್ಪಲಿ ಮೆಟ್ಟಿಕೊಂಡು ಹೊರಬಿದ್ದೆ. ಎದುರಿಗೆ ಮಲಗಿದ ಬುದ್ಧನಂತೆ ಕಾಣುವ ಬೆಟ್ಟ. ಅಷ್ಟು ನಿಶ್ಚಿಂತೆಯಿಂದ ಅಂಗಾತ ಮಲಗಿದ ಕಲ್ಲಿನ ಮೇಲೂ ಹೊಟ್ಟೆಕಿಚ್ಚಾಯಿತು.

ನಿಜವಾದ ಹೊಟ್ಟೆಕಿಚ್ಚು ಸುರಪುರದಲ್ಲಿತ್ತು: ಫರ್ಹಾನಾ, ನನ್ನ ಕಾಲೇಜಿನ ಗೆಳತಿ. ಆರು ವರ್ಷದಿಂದ ಅವಳಿಗೆ ಒಂದೇ ಗುರು, ಒಂದೇ ಕೋಣೆ. "ನಿಮ್ಮೂರಾಗ ಇಲ್ಲೇನ ಇಂಥಾದ್ದು?" ಎಂದು ಪ್ರತಿ ಫೋನಿನಲ್ಲೂ ಚುಚ್ಚುತ್ತಾಳೆ. ಶಹಾಪುರದಿಂದ ಅಲ್ಲಿಗೆ ಹೋಗಿ ಇಳಿದಾಗ ಬಸ್ ನಿಲ್ದಾಣದಲ್ಲೇ ನನಗೆ ಒಗ್ಗರಣೆ ಮಂಡಕ್ಕಿ, ಮಿರ್ಚಿ ಕೊಡಿಸಿದಳು, ತಾನು ಮುಟ್ಟಲಿಲ್ಲ. "ತಲಿ ಕೆಳಗ ಮಾಡೋರು ನಾವು. ನೀ ತಿನ್ನು."

ಅವಳ ಗುರು ಶರಣಮ್ಮ ನಿವೃತ್ತ ನರ್ಸ್. ನಡೆದದ್ದನ್ನೆಲ್ಲ ಅವರಿಗೆ ಹೇಳಿದೆ. "ಮೊದ್ಲ ತಿಂಗಳ ನಿನಗ ಆಸನ ಇಲ್ಲ, ತಂಗಿ. ಹಿಡಿಯೋದ ಕಲಿ. ಎಲ್ಲಾರೂ ಹಂಗ ಕಲ್ತಾರ. ಫರ್ಹಾನಾನ್ನ ಹಿಡಿ," ಎಂದರು.

"ಕೈ ನಡುಗ್ತಾವ್ರಿ."

"ನಡುಗಲಿ. ಬಿಡಬ್ಯಾಡ." ಅವರು ನನ್ನ ಬೆನ್ನಿಗೇ ನಿಂತರು.

ಹಿಡಿಯುವವರು 'ಹಿಡದೀನಿ' ಎನ್ನುವವರೆಗೆ ಅಲ್ಲಿ ಯಾರೂ ಕಾಲೆತ್ತುವುದಿಲ್ಲ. ಫರ್ಹಾನಾ ನೆಲಕ್ಕೆ ತಲೆಯೂರಿ ಕಾದಳು. ನಾನು ಅಂಗೈ ಒರೆಸಿಕೊಂಡೆ, ಮತ್ತೊಮ್ಮೆ ಒರೆಸಿಕೊಂಡೆ.

"ಲೇ, ಮಧ್ಯಾಹ್ನ ಆತು! ಹೇಳ," ಎಂದಳು ತಲೆಯೂರಿದಲ್ಲಿಂದಲೇ.

"ಹಿಡದೀನಿ."

ಕಾಲುಗಳು ಮೇಲೆ ಹೋದವು, ಎಡಕ್ಕೆ ವಾಲಿದವು. ನನ್ನ ಕೈ ಬಿಗಿಯಾಯಿತು. ಬಗ್ಗಿ ನೋಡಿದರೆ ಅವಳು ಕಣ್ಣು ಮುಚ್ಚಿದ್ದಳು. ನನ್ನಂಥವಳ ಕೈಯಲ್ಲೂ ಇವಳಿಗೆ ಕಣ್ಣು ಮುಚ್ಚಲು ಬರುತ್ತದಲ್ಲ ಎಂದು ಹೊಟ್ಟೆ ಉರಿಯಿತು. ಕೈ ಬಿಡಲಿಲ್ಲ.

ಮಧ್ಯಾಹ್ನ ಫರ್ಹಾನಾ ಬಸ್ಸಿನ ಕಿಟಕಿಯ ಕೆಳಗೆ ನಿಂತು, "ಮುಂದಿನ ಐತಾರ ಬರ್ತೀಯಿಲ್ಲ?" ಎಂದಳು.

"ಪ್ರತಿ ಐತಾರ ಬರ್ತೀನಿ. ನಿನ್ನ ನಾನೇ ಹಿಡಿಯಾಕಿ."

"ಹುಚ್ಚಿ, ಉಳದ ಆರು ದಿನ?"

ಬಸ್ಸು ಹೊರಟಿತು. ಆ ಆರು ದಿನ ನನ್ನ ಜಾಗದಲ್ಲಿ ನಿಂತು ಅವಳನ್ನು ಹಿಡಿಯುವವರು ಯಾರೆಂದು ಯಾದಗಿರಿ ಬರುವವರೆಗೂ ಲೆಕ್ಕ ಹಾಕುತ್ತ ಕುಳಿತೆ.